ಮುಷ್ಕರಕ್ಕುಂಟು, ಲೆಕ್ಕಕ್ಕಿಲ್ಲ

ಲಾರಿ ಮುಷ್ಕರ ಅಂದ್ರೆ ಬೆಂಗಳೂರಿನ ನಮ್ಮಂಥವರಿಗೆ ಹುಟ್ಟೋದು ಎರಡೇ ಪ್ರಶ್ನೆ. ತರಕಾರಿ ರೇಟು ಏರುತ್ತಾ? ಆರ್ಡರ್ ಮಾಡಿದ ಸೋಫಾ ಟೈಮಿಗೆ ಬರುತ್ತಾ? 2025ರ ಏಪ್ರಿಲ್ 14ರ ಮಧ್ಯರಾತ್ರಿಯಿಂದ ಲಾರಿ ಮಾಲೀಕರು ಮುಷ್ಕರ ಶುರು ಮಾಡಿದಾಗಲೂ ಅಷ್ಟೇ ಆಯ್ತು. ಯಶವಂತಪುರದ ಕಡೆ ಲಾರಿಗಳು ಸಾಲಾಗಿ ನಿಂತವು, ಟಿವಿಯವರು ಮಾರ್ಕೆಟ್ಟಿಗೆ ಹೋಗಿ ಟೊಮೆಟೊ ರೇಟು ಕೇಳಿದ್ರು. ಮೂರನೇ ದಿನ ಸರ್ಕಾರದ ಜೊತೆ ಮಾತುಕತೆ ಆಗಿ ಮುಷ್ಕರ ವಾಪಸ್ಸಾಯ್ತು. ಯಾವ ಡೀಸೆಲ್ ತೆರಿಗೆಯ ವಿರುದ್ಧ ಲಾರಿ ನಿಂತಿದ್ದವೋ ಆ ತೆರಿಗೆ ಇದ್ದಲ್ಲೇ ಇತ್ತು. ನಾವು ಸೋಫಾ ಟ್ರ್ಯಾಕ್ ಮಾಡೋದಕ್ಕೆ ವಾಪಸ್ ಹೋದ್ವಿ.

ಇಂಥಾ ಹೊತ್ತಿನಲ್ಲಿ ನಮ್ಮ ಆಫೀಸು, ಅಪಾರ್ಟ್‌ಮೆಂಟಿನ ಗ್ರೂಪುಗಳಲ್ಲಿ ಎರಡು ಥರದ ಮಾತು ಕೇಳಿಸುತ್ತೆ. ಒಂದು, "ಈ ಲಾರಿ ಸಂಘದವರದ್ದು ಬರೀ ಬ್ಲ್ಯಾಕ್‌ಮೇಲು, ಎಸ್ಮಾ ಹಾಕಿ ಒಳಗೆ ಹಾಕ್ಬೇಕು." ಇನ್ನೊಂದು, "ಪಾಪ, ಡೀಸೆಲ್ ರೇಟು ಏರಿದ್ರೆ ಅವರೇನು ಮಾಡ್ತಾರೆ." ಎರಡನ್ನೂ ಒಪ್ಪೋಕೆ ನನಗೆ ಕಷ್ಟ. ಲಾರಿಯವರಿಗೆ ಸಂಘ ಬೇಕೇ ಬೇಕು. ಆದ್ರೆ ಈಗಿರೋದು ಅರ್ಧ ಸಂಘ. ಅದು ವಿಧಾನಸೌಧದ ಕಡೆ ತಿರುಗಿ ಕೂಗುತ್ತೆ, ತನ್ನದೇ ಆಫೀಸಿನೊಳಗೆ ಕೂತವರ ಹತ್ರ ಏನೂ ಕೇಳಲ್ಲ. ಲಾರಿ ಓಡಿಸೋನು ಅದಕ್ಕೆ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಇದರ ದಂಡ ಕಟ್ತಿರೋದು ಆ ಡ್ರೈವರ್ ಒಬ್ಬನೇ ಅಲ್ಲ, ರಾತ್ರಿ ಹೊತ್ತು ತುಮಕೂರು ರಸ್ತೆಯಲ್ಲಿ ಅವನ ಪಕ್ಕದಲ್ಲೇ ಗಾಡಿ ಓಡಿಸೋ ನೀವೂ ಹೌದು.

ಮೊದಲು ಸಂಘದ ಪರವಾಗಿ ಹೇಳಬೇಕಾದ್ದನ್ನ ಹೇಳಿಬಿಡ್ತೀನಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ. 14.34ರಿಂದ 18.44ಕ್ಕೆ ಏರಿಸಿತು. ಹತ್ತು ತಿಂಗಳು ಕಳೆಯೋದ್ರೊಳಗೆ, 2025ರ ಏಪ್ರಿಲ್ 1ಕ್ಕೆ, ಅದು ಶೇ. 21.17 ಆಯ್ತು. ಬೆಂಗಳೂರಿನಲ್ಲಿ ಲೀಟರಿಗೆ 89 ರೂಪಾಯಿ ಇದ್ದ ಡೀಸೆಲ್ 91 ದಾಟಿತು. 2021ರ ನವೆಂಬರಿಗೆ ಮುಂಚೆ ಶೇ. 24 ಇತ್ತಲ್ಲ, ಈಗಲೂ ಅದಕ್ಕಿಂತ ಕಮ್ಮಿ ಅಂತ ಸರ್ಕಾರ ಸಮಜಾಯಿಷಿ ಕೊಟ್ಟಿತು. ಲೆಕ್ಕ ಸರಿ ಇದೆ. ಆದ್ರೆ ಬಾಡಿಗೆ ಮಾತಾಡಿ ಇಎಂಐ ಕಟ್ಟೋನಿಗೆ ನಾಲ್ಕು ವರ್ಷದ ಹಿಂದಿನ ರೇಟು ತಗೊಂಡು ಆಗಬೇಕಾದ್ದೇನು? ಅವನು ಲೆಕ್ಕ ಹಾಕಿರೋದು ಹೋದ ವರ್ಷದ ರೇಟಿಗೆ. ಡೀಸೆಲ್ ಜೊತೆಗೆ ರಾಜ್ಯ ಹೆದ್ದಾರಿಗಳ ಟೋಲು, ಗಡಿಯ ಆರ್‌ಟಿಓ ಚೆಕ್‌ಪೋಸ್ಟು, ಎಫ್‌ಸಿ ಶುಲ್ಕ, ಬೆಂಗಳೂರಿನ ನೋ ಎಂಟ್ರಿ, ಇವೂ ಬೇಡಿಕೆ ಪಟ್ಟಿಯಲ್ಲಿದ್ದವು. ಒಂದೂ ಸುಳ್ಳು ಬೇಡಿಕೆ ಅಲ್ಲ. ಚೆಕ್‌ಪೋಸ್ಟಿನಲ್ಲಿ ಏನು ನಡೆಯುತ್ತೆ ಅಂತ ಯಾವ ಡ್ರೈವರನ್ನ ಕೇಳಿದ್ರೂ ಹೇಳ್ತಾನೆ, ಅದಕ್ಕೆ ತನಿಖಾ ಆಯೋಗ ಬೇಕಿಲ್ಲ.

ಹಾಗಾದ್ರೆ ತಕರಾರೇನು? ಎರಡು ರೂಪಾಯಿಯ ಬೆನ್ನು ಹತ್ತಿ ಹೋಗಿ ನೋಡಿ, ಗೊತ್ತಾಗುತ್ತೆ.

ಯಶವಂತಪುರದಿಂದ ಹುಬ್ಬಳ್ಳಿಗೆ ಸುಮಾರು 400 ಕಿಲೋಮೀಟರ್. ಲೋಡಾದ ಹತ್ತು ಚಕ್ರದ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಡುತ್ತೆ ಅಂತಿಟ್ಟುಕೊಳ್ಳಿ. 100 ಲೀಟರ್ ಡೀಸೆಲ್. ಲೀಟರಿಗೆ 2 ರೂಪಾಯಿ ಏರಿದ್ರೆ ಹೋಗೋದಕ್ಕೆ 200, ಬರೋದಕ್ಕೆ ಹೆಚ್ಚುಕಮ್ಮಿ 200. ಎರಡೂ ಸಲದ ತೆರಿಗೆ ಏರಿಕೆ ಸೇರಿಸಿ ಲೀಟರಿಗೆ 5 ರೂಪಾಯಿ ಅಂತ ಹಿಡಿದ್ರೆ ಒಂದು ಟ್ರಿಪ್ಪಿಗೆ ಹತ್ತಿರ ಹತ್ತಿರ 1,000 ರೂಪಾಯಿ. ಈ 1,000 ಯಾರ ಜೇಬಿಂದ ಹೋಗಬೇಕು? ನ್ಯಾಯವಾಗಿ ನೋಡಿದ್ರೆ ಮಾಲು ಕಳಿಸೋನ ಜೇಬಿಂದ. ಅವನು ಅದನ್ನ ಮಾಲಿನ ಬೆಲೆಗೆ ಸೇರಿಸ್ತಾನೆ, ಕೊನೆಗೆ ಸೋಫಾ ತಗೊಳ್ಳೋ ನಾವು ಒಂದಷ್ಟು ಪೈಸೆ ಜಾಸ್ತಿ ಕೊಡ್ತೀವಿ. ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗಳು ದೊಡ್ಡ ಕಾರ್ಖಾನೆಗಳ ಜೊತೆ ವರ್ಷದ ಕರಾರು ಮಾಡಿಕೊಳ್ಳುವಾಗ ಇದನ್ನ ಬರೆದಿಟ್ಟೇ ಇರ್ತಾರೆ. ಡೀಸೆಲ್ ಇಷ್ಟು ಏರಿದ್ರೆ ಬಾಡಿಗೆ ಇಷ್ಟು ಏರುತ್ತೆ ಅಂತ ಒಂದು ಷರತ್ತು ಇರುತ್ತೆ. ಅವರಿಗೆ ಏಪ್ರಿಲ್ 1ರಂದು ಜೀವ ಹೋಗೋದಿಲ್ಲ.

ಒಂದೋ ಎರಡೋ ಲಾರಿ ಇಟ್ಕೊಂಡಿರೋ ಮಾಲೀಕನ ಕಥೆ ಬೇರೆ. ನಮ್ಮ ದೇಶದಲ್ಲಿ ಲಾರಿ ಮಾಲೀಕರು ಅಂದ್ರೆ ಬಹುಪಾಲು ಇವರೇ. ಇವನಿಗೆ ಕಾರ್ಖಾನೆಯ ಪರಿಚಯ ಇರಲ್ಲ. ಲೋಡು ಸಿಗೋದು ಬುಕಿಂಗ್ ಆಫೀಸಿನ ಏಜೆಂಟ್ ಮೂಲಕ. ಕಾರ್ಖಾನೆಯಿಂದ ಏಜೆಂಟಿಗೆ ಎಷ್ಟು ಬಂತು ಅಂತ ಇವನಿಗೆ ಗೊತ್ತಾಗಲ್ಲ, ಏಜೆಂಟ್ ಹೇಳಿದ್ದೇ ಬಾಡಿಗೆ. ಒಂದಷ್ಟು ಅಡ್ವಾನ್ಸು ಕೈಗೆ ಬರುತ್ತೆ, ಬ್ಯಾಲೆನ್ಸು ಮಾಲು ಇಳಿಸಿದ ರಸೀತಿ ವಾಪಸ್ ಬಂದ ಮೇಲೆ. ಜಾಸ್ತಿ ಕೇಳಿದ್ರೆ ಉತ್ತರ ರೆಡಿ ಇರುತ್ತೆ: "ಬೇಕಾದ್ರೆ ಹಾಕ್ಕೋ, ಇಲ್ಲಾಂದ್ರೆ ಹಿಂದೆ ಇನ್ನೂ ನಾಲ್ಕು ಗಾಡಿ ನಿಂತಿದಾವೆ." ಹಾಗಾಗಿ ಆ 1,000 ರೂಪಾಯಿ ಮೇಲಕ್ಕೆ ಹೋಗೋದೇ ಇಲ್ಲ, ಕೆಳಕ್ಕೆ ಇಳಿಯುತ್ತೆ. ಮಾಲೀಕ ಕ್ಲೀನರನ್ನ ಬಿಡಿಸ್ತಾನೆ. ಡ್ರೈವರ್ ಬಾಟಾದಲ್ಲಿ ಕೈ ಹಿಡಿತಾನೆ. ತಿಂಗಳಿಗೆ ಒಂದು ಟ್ರಿಪ್ಪು ಜಾಸ್ತಿ ಓಡಿಸು ಅಂತಾನೆ. ಆ ಒಂದು ಟ್ರಿಪ್ಪು ಬರೋದು ಡ್ರೈವರಿನ ನಿದ್ದೆಯಿಂದ.

ಈಗ ಸಂಘದ ಹೆಸರು ಓದಿ. ಮುಷ್ಕರಕ್ಕೆ ಕರೆ ಕೊಟ್ಟ, ಜಿ.ಆರ್. ಷಣ್ಮುಗಪ್ಪ ಅಧ್ಯಕ್ಷರಾಗಿರೋ ಒಕ್ಕೂಟದ ಪೂರ್ತಿ ಹೆಸರು ಫೆಡರೇಷನ್ ಆಫ್ ಕರ್ನಾಟಕ ಸ್ಟೇಟ್ ಲಾರಿ ಓನರ್ಸ್ ಅಂಡ್ ಏಜೆಂಟ್ಸ್ ಅಸೋಸಿಯೇಷನ್. ಓನರ್ಸ್ ಅಂಡ್ ಏಜೆಂಟ್ಸ್. ಬಾಡಿಗೆ ಕೇಳೋನು, ಬಾಡಿಗೆ ಕಮ್ಮಿ ಮಾಡೋನು ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ಡೀಸೆಲ್ ತೆರಿಗೆ ಇಳಿಸಿ ಅಂದ್ರೆ ಇಬ್ಬರಿಗೂ ಖುಷಿ. ಟೋಲ್ ತೆಗೀರಿ ಅಂದ್ರೆ ಇಬ್ಬರಿಗೂ ಖುಷಿ. ಆದ್ರೆ "ಕಾರ್ಖಾನೆಯಿಂದ ಬಂದ ಬಾಡಿಗೆ ಎಷ್ಟು, ನಿಮ್ಮ ಕಮಿಷನ್ ಎಷ್ಟು, ಚೀಟಿಯಲ್ಲಿ ಬರೀರಿ" ಅಂದ್ರೆ? ಅಲ್ಲಿಗೆ ಸಭೆ ಮುಗೀತು. ಇಬ್ಬರೂ ಒಟ್ಟಿಗೆ ಬಯ್ಯಬಹುದಾದ ಒಬ್ಬನನ್ನೇ ಹುಡುಕಬೇಕು, ಆ ಒಬ್ಬ ಸರ್ಕಾರ. ಸರ್ಕಾರ ಬೈಸಿಕೊಳ್ಳೋಕೆ ಲಾಯಕ್ಕಾಗಿದೆ ಅನ್ನೋದು ನಿಜ. ಆದ್ರೆ ಅದೊಂದೇ ಕಾರಣಕ್ಕೆ ಉಳಿದವರು ತಪ್ಪಿಸಿಕೊಳ್ಳೋದು ಸರಿಯಾ?

"ಸಂಘ ಬಾಡಿಗೆ ಫಿಕ್ಸ್ ಮಾಡೋ ಹಾಗಿಲ್ಲ, ಕಾನೂನು ಅಡ್ಡ ಬರುತ್ತೆ" ಅಂತ ಒಂದು ವಾದ ಇದೆ. ಅದರಲ್ಲೂ ಹುರುಳಿದೆ. 2012ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯನ್ನ ಲೀಟರಿಗೆ 5 ರೂಪಾಯಿ ಏರಿಸಿದಾಗ ಲಾರಿಯವರ ರಾಷ್ಟ್ರಮಟ್ಟದ ಸಂಘಟನೆ ಆಲ್ ಇಂಡಿಯಾ ಮೋಟಾರ್ ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್ ಬಾಡಿಗೆಯನ್ನ ಶೇ. 15 ಏರಿಸೋಕೆ ಹೊರಟಿತ್ತು. ಇದು ಕೂಟ ಕಟ್ಟಿ ದರ ಏರಿಸಿದಂತೆ ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕಿತು, ಆ ಕೇಸು ಮೇಲ್ಮನವಿಗೂ ಹೋಯ್ತು. ಸರಿ, ದರ ಹೇಳಬೇಡಿ. ಲೆಕ್ಕದ ದಾರಿಯನ್ನಾದರೂ ಹೇಳಿ. ಲೋಡಿನ ಚೀಟಿಯಲ್ಲಿ ಮೂರು ಸಾಲು ಸೇರಿಸಿದ್ರೆ ಸಾಕು: ಕಾರ್ಖಾನೆ ಕೊಟ್ಟ ಬಾಡಿಗೆ ಇಷ್ಟು, ಏಜೆಂಟ್ ಕಮಿಷನ್ ಇಷ್ಟು, ಲೋಡಾದ ದಿನದ ಡೀಸೆಲ್ ರೇಟು ಇಷ್ಟು. ಬಾಡಿಗೆ ಎಷ್ಟು ಬೇಕಾದ್ರೂ ಇರಲಿ, ಎಲ್ಲರ ಕಣ್ಣಿಗೆ ಕಾಣೋ ಹಾಗಿರಲಿ. ಇದಕ್ಕೆ ಕ್ಯಾಬಿನೆಟ್ ಒಪ್ಪಿಗೆ ಬೇಕಿಲ್ಲ, ಮುಷ್ಕರ ಬೇಕಿಲ್ಲ. ಸಂಘದ ಸದಸ್ಯರೇ ಕೂತು ನಾಳೆ ಬೆಳಗ್ಗೆ ಶುರು ಮಾಡಬಹುದು. ಸಂಘ ಅನ್ನೋದು ಮಾಡಬೇಕಾದ ಕೆಲಸವೇ ಇದು. ಒಂಟಿ ಮಾಲೀಕ ಕೇಳಿದ್ರೆ ಲೋಡು ತಪ್ಪುತ್ತೆ, ಎಲ್ಲರೂ ಸೇರಿ ಕೇಳಿದ್ರೆ ತಪ್ಪಲ್ಲ.

ಇನ್ನು ಡ್ರೈವರಿನ ವಿಷಯ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅಂತ ಬರೆದಿಟ್ಟಿತು. ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ವಿರಾಮ ಕೊಡಬೇಕು ಅಂತಲೂ ಹೇಳಿತು. ಕೇಳೋಕೆ ಚೆನ್ನಾಗಿದೆ. ಆದ್ರೆ 2025ರವರೆಗೆ ಜಾರಿಯಲ್ಲಿದ್ದ ಆ ಕಾಯ್ದೆ ಹಿಡೀತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿದ್ದ ಸಂಸ್ಥೆಗಳನ್ನ. ಒಂದೆರಡು ಲಾರಿ ಮಾಲೀಕನ ಹತ್ರ ಇರೋದು ಇಬ್ಬರು ಡ್ರೈವರು, ಹೆಚ್ಚಂದ್ರೆ ಒಬ್ಬ ಕ್ಲೀನರು. ಅಂದ್ರೆ ಬಲೆ ಹೆಣೆದಿದ್ದೇ ಹೆಚ್ಚಿನ ಮೀನು ಆಚೆ ಉಳಿಯೋ ಹಾಗೆ. ಕಾನೂನು ಮುಟ್ಟದ ಜಾಗದಲ್ಲಿ ನಿಯಮ ಮಾಡೋಕೆ ಆಗೋದು ಸಂಘಕ್ಕೆ ಮಾತ್ರ. ಏಪ್ರಿಲ್‌ನ ಮುಖ್ಯ ಬೇಡಿಕೆಗಳಲ್ಲಿ ಡ್ರೈವರ್ ಎಷ್ಟು ಗಂಟೆ ಓಡಿಸಬೇಕು, ಎಲ್ಲಿ ಮಲಗಬೇಕು ಅನ್ನೋ ಸಾಲು ಇರಲಿಲ್ಲ.

ಎಲ್ಲಿ ಮಲಗಬೇಕು ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಬೆಂಗಳೂರಿನ ಒಳಗೆ ಬೆಳಗ್ಗೆ, ಸಂಜೆ ಆಫೀಸಿನ ಹೊತ್ತಿನಲ್ಲಿ ಭಾರಿ ವಾಹನ ಬರೋ ಹಾಗಿಲ್ಲ. ನಮ್ಮ ಟ್ರಾಫಿಕ್ ನೋಡಿದ್ರೆ ಈ ನಿಯಮ ಬೇಕು, ಒಪ್ಪೋಣ. ಆದ್ರೆ ನೋ ಎಂಟ್ರಿ ಮುಗಿಯೋವರೆಗೂ ಆ ಲಾರಿ ಎಲ್ಲಿರಬೇಕು? ನೆಲಮಂಗಲದಿಂದ ಗೊರಗುಂಟೆಪಾಳ್ಯದವರೆಗೆ, ಯಲಹಂಕದಿಂದಾಚೆ ದೊಡ್ಡಬಳ್ಳಾಪುರ ರಸ್ತೆಯಲ್ಲಿ, ಸರ್ವೀಸ್ ರೋಡಿನ ಅಂಚಲ್ಲಿ ನಿಲ್ಲುತ್ತೆ. ಶೌಚಾಲಯ ಇಲ್ಲ, ಸ್ನಾನಕ್ಕೆ ನೀರಿಲ್ಲ. ಕಣ್ಣು ಮುಚ್ಚಿದ್ರೆ ಡೀಸೆಲ್ಲು, ಬ್ಯಾಟರಿ ಕಳುವಾಗುತ್ತೋ ಅಂತ ಅರ್ಧ ಎಚ್ಚರ. ಇದರ ಮಧ್ಯೆ ಇ-ವೇ ಬಿಲ್ಲಿನ ಗಡಿಯಾರ ಬೇರೆ ಓಡ್ತಿರುತ್ತೆ. 2021ರಿಂದ ಆ ಬಿಲ್ಲು ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಅಂತ ಲೆಕ್ಕ ಹಾಕುತ್ತೆ. 200 ಏನು ಮಹಾ ಅನ್ನಿಸಬಹುದು. ಲೋಡಿಂಗಿಗೆ ಅರ್ಧ ದಿನ, ನೋ ಎಂಟ್ರಿಗೆ ಅರ್ಧ ದಿನ ಹೋದ್ರೆ ಉಳಿಯೋದು ರಾತ್ರಿ ಮಾತ್ರ. ಬಿಲ್ಲಿನ ಅವಧಿ ಮುಗಿದು ಯಾರೂ ಮುಂದುವರಿಸದಿದ್ರೆ ಗಾಡಿ, ಮಾಲು ಎರಡನ್ನೂ ತಡೆಹಿಡಿದು ದಂಡ ಹಾಕಬಹುದು. ಹಾಗಾಗಿ ಹಗಲೆಲ್ಲ ಕಾದು ದಣಿದವನು ರಾತ್ರಿ ಹತ್ತಕ್ಕೆ ಸ್ಟೇರಿಂಗ್ ಹಿಡೀತಾನೆ.

ಲಾರಿಗಳಿಗೆ ನಿಲ್ದಾಣ ಕಟ್ಟೋಕೆ ಅಂತಲೇ ಒಂದು ಸರ್ಕಾರಿ ಸಂಸ್ಥೆ ಇದೆ, ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ ನಿಯಮಿತ. ಯಶವಂತಪುರದ ಟರ್ಮಿನಲ್ ಅದರದ್ದೇ. ಆ ಸಂಸ್ಥೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು ಡ್ರೈವರುಗಳಿಗೆ ಒಳ್ಳೆ ವಿಶ್ರಾಂತಿ ಕೊಠಡಿ ಕಟ್ಟಿದ್ದಕ್ಕಲ್ಲ. ಸುಮಾರು 47 ಕೋಟಿ ರೂಪಾಯಿ ದುರ್ಬಳಕೆಯಾಗಿದೆ ಅನ್ನೋ ಆರೋಪದಲ್ಲಿ ಅದರ ಮಾಜಿ ಅಧ್ಯಕ್ಷರನ್ನ 2024ರ ಜುಲೈನಲ್ಲಿ ಸಿಐಡಿ ಬಂಧಿಸಿತು. ತಪ್ಪು ಯಾರದ್ದು ಅಂತ ಕೋರ್ಟು ಹೇಳಲಿ. ಆದ್ರೆ ಡೀಸೆಲ್ಲಿಗೆ ಮೂರು ದಿನ ಲಾರಿ ನಿಲ್ಲಿಸೋ ತಾಕತ್ತಿರೋ ಸಂಘ, ಲಾರಿ ನಿಲ್ಲಿಸೋಕೆ ಜಾಗ ಕೊಡಿ ಅಂತಲೇ ಒಂದು ದಿನ ಲಾರಿ ನಿಲ್ಲಿಸಬಾರದಾ? ಪೀಣ್ಯ ಫ್ಲೈಓವರಿನ ಕೇಬಲ್ಲು ಹಾಳಾಗಿ 2021ರ ಡಿಸೆಂಬರ್‌ನಲ್ಲಿ ಅದು ಮುಚ್ಚಿತು. ಸಣ್ಣ ವಾಹನಗಳಿಗೆ ಎರಡೇ ತಿಂಗಳಲ್ಲಿ ತೆರೆದುಕೊಂಡಿತು. ಭಾರಿ ವಾಹನಗಳಿಗೆ ತೆರೆದದ್ದು 2024ರ ಜುಲೈ 29ಕ್ಕೆ, ಅದೂ ಶುಕ್ರವಾರ ಬಿಟ್ಟು. ಎರಡೂವರೆ ವರ್ಷ ಆ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲಿ ತೆವಳಿದವು. ಕಾರಲ್ಲಿದ್ದ ನಾವು ಮೇಲಿಂದ ಹೋದ್ವಿ, ಬೇಗ ಮರೆತ್ವಿ.

ಈಗ ಎರಡು ಮುಷ್ಕರಗಳನ್ನ ಅಕ್ಕಪಕ್ಕ ಇಟ್ಟು ನೋಡಿ. 2024ರ ಜನವರಿ 1, 2ರಂದು ದೇಶದ ಹಲವು ಕಡೆ ಲಾರಿಗಳು ನಿಂತವು, ಪೆಟ್ರೋಲ್ ಬಂಕುಗಳ ಮುಂದೆ ಕ್ಯೂ ಹತ್ತಿತು. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ ಅದಕ್ಕೆ ಕಾರಣ. ಅಪಘಾತದಲ್ಲಿ ಸಾವಾಗಿ, ಪೊಲೀಸರಿಗೆ ತಿಳಿಸದೆ ಡ್ರೈವರ್ ಓಡಿಹೋದ್ರೆ 10 ವರ್ಷದವರೆಗೆ ಜೈಲು. ಗುಂಪು ಸೇರಿ ಹೊಡೀತಾರೆ ಅನ್ನೋ ಭಯಕ್ಕೆ ಓಡ್ತೀವಿ ಅಂದ್ರು ಡ್ರೈವರುಗಳು. ಆ ಮುಷ್ಕರ ಹುಟ್ಟಿದ್ದು ಸಂಘದ ಆಫೀಸಿನಲ್ಲಿ ಅಲ್ಲ, ರಸ್ತೆಯಲ್ಲಿ. ಡ್ರೈವರುಗಳೇ ಮೊದಲು ಗಾಡಿ ನಿಲ್ಲಿಸಿದ್ರು, ಸಂಘಟನೆಗಳು ಆಮೇಲೆ ಮಾತುಕತೆಗೆ ಕೂತವು. ನಮ್ಮ ರಾಜ್ಯದ ಒಕ್ಕೂಟವೂ ಜನವರಿ 17ರಿಂದ ಮುಷ್ಕರ ಅಂತ ಕರೆ ಕೊಟ್ಟಿತು. ಜನವರಿ 2ರ ರಾತ್ರಿಯೇ ಕೇಂದ್ರ ಗೃಹ ಕಾರ್ಯದರ್ಶಿ, ಚರ್ಚಿಸದೆ ಆ ಕಲಂ ಜಾರಿ ಮಾಡಲ್ಲ ಅಂದ್ರು. ಜುಲೈ 1ಕ್ಕೆ ಹೊಸ ಕಾನೂನು ಬಂದಾಗ ಆ ಒಂದು ಉಪಕಲಂ ಪಕ್ಕಕ್ಕಿಟ್ಟೇ ಬಂತು.

ಆ ಬೇಡಿಕೆ ಪೂರ್ತಿ ಸರಿಯಿತ್ತಾ ಅನ್ನೋದರ ಬಗ್ಗೆ ನನಗೆ ತಕರಾರಿದೆ. ರಸ್ತೆಯಲ್ಲಿ ಬಿದ್ದವನನ್ನ ಬಿಟ್ಟು ಹೋಗೋದನ್ನ ಯಾವ ಭಯವೂ ಸರಿ ಮಾಡಲ್ಲ. ಆದ್ರೆ ಫಲಿತಾಂಶ ನೋಡಿ. ಡ್ರೈವರ್ ತನ್ನ ವಿಷಯಕ್ಕೆ ನಿಂತಾಗ ಎರಡೇ ದಿನದಲ್ಲಿ ದಿಲ್ಲಿ ಕೆಳಗೆ ಬಂತು. ಮಾಲೀಕರು ಡೀಸೆಲ್ಲಿಗೆ ನಿಂತಾಗ ಮೂರು ದಿನ ಕಳೆದರೂ ಬೆಂಗಳೂರು ಎರಡು ರೂಪಾಯಿ ಬಿಡಲಿಲ್ಲ. ಸಂಘದ ಬಲ ಯಾರ ಕೈಕಾಲಲ್ಲಿದೆ ಅಂತ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಆ ಕೈಕಾಲಿಗೆ ಸಂಘದ ಹೆಸರಲ್ಲಿ ಜಾಗ ಇಲ್ಲ.

"ಲಾರಿಯವರ ಒಳಜಗಳ, ನಮಗ್ಯಾಕೆ" ಅನ್ನೋರು 2024ರ ಡಿಸೆಂಬರ್ 21 ನೆನಪಿಸಿಕೊಳ್ಳಿ. ನೆಲಮಂಗಲದ ಹತ್ರ ಹೆದ್ದಾರಿಯಲ್ಲಿ ಕಂಟೇನರ್ ಲಾರಿ ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ 6 ಮಂದಿ ಹೋದರು. ದೇಶದಲ್ಲೇ ಅತಿ ಗಟ್ಟಿ ಅನ್ನಿಸಿಕೊಂಡ ಕಾರುಗಳಲ್ಲಿ ಒಂದು ಅದು. ಆ ವಾರ ಪೂರ್ತಿ ನಾವು ಮಾತಾಡಿದ್ದು ಕಾರಿನ ಸೇಫ್ಟಿ ರೇಟಿಂಗ್ ಬಗ್ಗೆ. ಆ ಅಪಘಾತಕ್ಕೆ ಕಾರಣ ಇಂಥದ್ದೇ ಅಂತ ನಾನು ಹೇಳ್ತಿಲ್ಲ, ಅದು ತನಿಖೆಯ ಮಾತು. ನಾನು ಹೇಳೋದು ಇಷ್ಟೇ: ಪಕ್ಕದ ಲೇನಿನಲ್ಲಿ ಹತ್ತಾರು ಟನ್ ಹೊತ್ತು ಓಡಿಸ್ತಿರೋನು ನಿನ್ನೆ ರಾತ್ರಿ ಮಲಗಿದ್ನಾ ಇಲ್ವಾ ಅನ್ನೋ ಪ್ರಶ್ನೆಗೆ ನಿಮ್ಮ ಆರು ಏರ್‌ಬ್ಯಾಗು ಉತ್ತರ ಅಲ್ಲ.

ಇನ್ನೊಂದು ಮಾತು, ನಮಗೇ ಸಂಬಂಧಿಸಿದ್ದು. 2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ನಾವು ಮಾಡಿದ ಗಲಾಟೆ ಸಣ್ಣದಾ? 2024ರ ಜುಲೈನಲ್ಲಿ ಐಟಿಯವರ ಕೆಲಸದ ದಿನವನ್ನ 14 ಗಂಟೆಗೆ ಏರಿಸೋ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಕಿಟು ಬೀದಿಗಿಳೀತು. ಇಳಿದದ್ದು ಸರಿ. ಎಸಿ ಆಫೀಸಿನಲ್ಲಿ ಕೂತವನಿಗೆ 14 ಗಂಟೆ ಅಮಾನವೀಯ ಅನ್ನೋದಾದ್ರೆ, ಎಂಜಿನ್ ಬಿಸಿಯ ಪಕ್ಕ ಕೂತವನಿಗೆ? ಲಾರಿ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಅಂತ ಕೇಂದ್ರ ಅಧಿಸೂಚನೆ ಹೊರಡಿಸಿದ್ದೇ 2023ರ ಡಿಸೆಂಬರ್‌ನಲ್ಲಿ, ಅದೂ ಹೊಸದಾಗಿ ತಯಾರಾಗೋ ಗಾಡಿಗಳಿಗೆ. ಹಳೇ ಗಾಡಿಯವನು ಕಿಟಕಿ ಇಳಿಸಿಕೊಂಡೇ ಇರಬೇಕು.

ನಮ್ಮ ನಿವಾಸಿಗಳ ಸಂಘಗಳೂ ಏನು ಕಮ್ಮಿಯಿಲ್ಲ. ಹೆಬ್ಬಾಳದಿಂದ ಯಲಹಂಕದವರೆಗೆ ಯಾವ ಅಪಾರ್ಟ್‌ಮೆಂಟಿನ ಮೀಟಿಂಗಿಗೆ ಹೋದ್ರೂ ಒಂದು ಅರ್ಜಿ ಇದ್ದೇ ಇರುತ್ತೆ: ನಮ್ಮ ರಸ್ತೆಯಲ್ಲಿ ಲಾರಿ ನಿಲ್ಲಿಸಬಾರದು. ಎಲ್ಲಿ ನಿಲ್ಲಿಸಬೇಕು ಅನ್ನೋ ಎರಡನೇ ಸಾಲು ಅರ್ಜಿಯಲ್ಲಿ ಇರಲ್ಲ. ಆ ಅಪಾರ್ಟ್‌ಮೆಂಟಿನ ಸಿಮೆಂಟು, ಕಬ್ಬಿಣ, ಟೈಲ್ಸು ಹೆಗಲ ಮೇಲೆ ಹೊತ್ತು ತಂದದ್ದಲ್ಲ ಅನ್ನೋದೂ ನೆನಪಿರಲ್ಲ.

ಹಾಗಾಗಿ ಮುಂದಿನ ಮುಷ್ಕರ ಬಂದಾಗ, ಬಂದೇ ಬರುತ್ತೆ, ಟೊಮೆಟೊ ರೇಟಿನ ಜೊತೆ ಬೇಡಿಕೆ ಪಟ್ಟಿಯನ್ನೂ ಓದಿ. ಲೋಡಿನ ಚೀಟಿಯಲ್ಲಿ ಬಾಡಿಗೆ, ಕಮಿಷನ್, ಡೀಸೆಲ್ ರೇಟು ಬರೆಯೋ ಮಾತಿದೆಯಾ? ಎಷ್ಟು ಗಂಟೆ ಮೇಲೆ ಗಾಡಿ ಓಡಿಸಲ್ಲ ಅಂತ ಸಂಘ ತನ್ನ ಸದಸ್ಯರಿಗೇ ಹಾಕಿಕೊಂಡ ನಿಯಮ ಇದೆಯಾ? ಊರಿನ ಬಾಯಲ್ಲಿ ನಿಲ್ಲೋಕೆ ಜಾಗ, ನೀರು, ಶೌಚಾಲಯ ಕೇಳಿದ್ದಾರಾ? ಮಾತುಕತೆಯ ಮೇಜಿನಲ್ಲಿ ಒಬ್ಬನಾದ್ರೂ ಡ್ರೈವರ್ ಕೂತಿದ್ದಾನಾ? ಇದ್ರೆ ಆ ಮುಷ್ಕರಕ್ಕೆ ನಿಮ್ಮ ಬೆಂಬಲ ಕೊಡಿ, ಸೋಫಾ ಒಂದು ವಾರ ತಡವಾಗಿ ಬರಲಿ. ಇಲ್ಲದಿದ್ರೆ ಒಕ್ಕೂಟಕ್ಕೆ ಕೇಳಿ: ಸ್ವಾಮಿ, ನಿಮ್ಮ ಡೀಸೆಲ್ ಲೆಕ್ಕ ಒಪ್ಪಿದೆ, ಡ್ರೈವರ್ ಲೆಕ್ಕ ಎಲ್ಲಿ?